ಒಂದೇ ಫೋನ್ ಇರುವ ತರಗತಿಗೆ ಆನ್‌ಲೈನ್ ಸಾಧನಗಳು: ಆರಿಸುವುದು ಹೇಗೆ, ಬಳಸುವುದು ಹೇಗೆ

ನಾನು ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕಿ. ಹತ್ತನೇ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಶಾಲೆಗೆ ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್. ಫೋನ್ ಅಂದರೆ ನನ್ನದೊಂದೇ. ನೆಟ್ ಅಂದರೆ ಅದರ ಹಾಟ್‌ಸ್ಪಾಟ್. ಇಷ್ಟರಲ್ಲೇ ಕೆಲಸಕ್ಕೆ ಬರುವ ಆನ್‌ಲೈನ್ ಸಾಧನಗಳನ್ನು ಹುಡುಕಿ, ಮನೆಯಲ್ಲಿ ನೋಡಿ, ತರಗತಿಗೆ ತರುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ವಿಜ್ಞಾನ, ಗಣಿತದ್ದು. ಆದರೆ ಆರಿಸುವ ಕ್ರಮ ಯಾವ ವಿಷಯಕ್ಕಾದರೂ ಹೊಂದುತ್ತದೆ.

ಆ್ಯಪ್ ಹುಡುಕುವ ಮುಂಚೆ

"ಒಳ್ಳೆ ಆ್ಯಪ್ ಯಾವುದಿದೆ ಮೇಡಂ?" ಅಂತ ತರಬೇತಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮಕ್ಕಳು ಯಾವ ಪಾಠದಲ್ಲಿ, ಯಾವ ಜಾಗದಲ್ಲಿ ತಡವರಿಸುತ್ತಿದ್ದಾರೆ? ಅದು ಗೊತ್ತಿಲ್ಲದೆ ಆ್ಯಪ್ ಹಾಕಿಕೊಂಡರೆ ಫೋನ್ ತುಂಬುತ್ತದೆ, ಪಾಠ ಹಾಗೇ ಉಳಿಯುತ್ತದೆ.

ನನ್ನ ಪಾಠ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆ ಇದಕ್ಕೇ ಮೀಸಲು. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪೇಪರ್ ತಿದ್ದುವಾಗ ಒಂದೇ ತಪ್ಪು ನಾಲ್ಕೈದು ಮಕ್ಕಳಲ್ಲಿ ಕಂಡರೆ ಅಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇನೆ. ಈಗ ಅಲ್ಲಿರುವ ಕೆಲವು ಸಾಲುಗಳು: "ಮೊದಲ ಬಲ್ಬೇ ಕರೆಂಟ್ ತಿಂದುಬಿಡುತ್ತೆ ಅಂದುಕೊಂಡಿದ್ದಾರೆ." "ಸಮೀಕರಣ ಸರಿದೂಗಿಸುವಾಗ ಸೂತ್ರದ ಒಳಗಿನ ಸಂಖ್ಯೆಯನ್ನೇ ಬದಲಿಸುತ್ತಾರೆ." "ಥೇಲ್ಸ್ ಪ್ರಮೇಯ ಬಾಯಿಪಾಠ ಇದೆ, ಚಿತ್ರ ತಿರುಗಿಸಿ ಕೊಟ್ಟರೆ ಗೊತ್ತಾಗಲ್ಲ."

ಆಮೇಲೆ ಪ್ರತಿ ಸಾಲಿಗೂ ಒಂದು ಪ್ರಶ್ನೆ. ಇದು ಕಣ್ಣಿಗೆ ಕಾಣದ, ಕೈಯಲ್ಲಿ ಆಡಿಸಲಾಗದ ಸಂಗತಿಯೇ? ಹೌದು ಅಂದರೆ ಮಾತ್ರ ಕಂಪ್ಯೂಟರ್. ಆಮ್ಲ, ಪ್ರತ್ಯಾಮ್ಲ ತೋರಿಸಲು ಅರಿಶಿನ ಸವರಿದ ಕಾಗದ, ಸೋಪಿನ ನೀರು, ನಿಂಬೆಹಣ್ಣು ಸಾಕು. ಅಲ್ಲಿ ಪರದೆ ಇಳಿಬಿಟ್ಟರೆ ಮಕ್ಕಳಿಗೆ ನಷ್ಟವೇ. ಎಲೆಕ್ಟ್ರಾನು ತಂತಿಯಲ್ಲಿ ಸಾಗುವುದನ್ನು ಮಾತ್ರ ಯಾವ ಪ್ರಯೋಗಾಲಯದಲ್ಲೂ ಕಣ್ಣಾರೆ ತೋರಿಸಲಾಗದು.

ಮನೆಯಲ್ಲೇ ಮಾಡುವ ಪರೀಕ್ಷೆ

ಒಂದು ಸಾಧನ ಸಿಕ್ಕ ಮೇಲೆ ಅದನ್ನು ಶಾಲೆಗೆ ತರುವ ಮೊದಲು ರಾತ್ರಿ ಮನೆಯಲ್ಲಿ ಕೂತು ನೋಡುತ್ತೇನೆ. ಮೊದಲ ಕೆಲಸ, ನೆಟ್ ತೆಗೆದುಬಿಡುವುದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಸಾಧನವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ತೆರೆದುಕೊಂಡರೆ ಅರ್ಧ ಚಿಂತೆ ಕಳೆಯಿತು. ನೆಟ್ ಬೇಕೇ ಬೇಕು ಅನ್ನುವ ಸಾಧನವನ್ನೂ ಬಳಸಬಹುದು, ಆದರೆ ಅದರ ಮೇಲೆ ಇಡೀ ಪಿರಿಯಡ್ ಕಟ್ಟಬೇಡಿ.

ಎರಡನೆಯದು, ಮಕ್ಕಳ ಇಮೇಲ್, ಹುಟ್ಟಿದ ದಿನ, ಫೋನ್ ನಂಬರ್ ಕೇಳುತ್ತದೆಯೇ? ಕೇಳಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಇದರ ಬಗ್ಗೆ ಮುಂದೆ ಬರೆದಿದ್ದೇನೆ.

ಮೂರನೆಯದು ಕೊನೆಯ ಬೆಂಚು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಕೋಣೆಯ ಆ ತುದಿಗೆ ಹೋಗಿ ನಿಂತು ಓದಿ. ಬ್ರೌಸರ್‌ನಲ್ಲಿ ಕಂಟ್ರೋಲ್ ಕೀ ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ಅಷ್ಟಾದರೂ ಕಾಣದಿದ್ದರೆ ಶಾಲೆಯ ಗೋಡೆಯ ಮೇಲೂ ಕಾಣಲ್ಲ. ನಮ್ಮ ಕಿಟಕಿಗಳಿಗೆ ಪರದೆ ಬೇರೆ ಇಲ್ಲ. ಹಾಗಾಗಿ ಪ್ರೊಜೆಕ್ಟರ್ ಬೇಕಾದ ಪಾಠವನ್ನು ಆ ಕೋಣೆಗೆ ನೇರ ಬಿಸಿಲು ಬೀಳದ ಪಿರಿಯಡ್‌ಗೇ ಇಟ್ಟುಕೊಳ್ಳುತ್ತೇನೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಪರದೆಯ ಮೇಲೆ ಅದು ನಡೆಯುತ್ತಿರುವಾಗ 38 ಮಕ್ಕಳು ಏನು ಮಾಡುತ್ತಿರುತ್ತಾರೆ? "ನೋಡುತ್ತಿರುತ್ತಾರೆ" ಅನ್ನುವುದೇ ಉತ್ತರವಾದರೆ ಪಾಠದ ಯೋಜನೆ ಇನ್ನೂ ಮುಗಿದಿಲ್ಲ ಅಂತ ಅರ್ಥ.

ಫೆಟ್: ನಾನು ಜಾಸ್ತಿ ಬಳಸುವುದು ಇದನ್ನೇ

ಫೆಟ್ ಅನ್ನುವುದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್‌ನವರು ಮಾಡಿರುವ ಸಿಮ್ಯುಲೇಶನ್‌ಗಳ, ಅಂದರೆ ಪರದೆಯ ಮೇಲೇ ಆಡಿಸಿ ನೋಡುವ ಪ್ರಯೋಗಗಳ ಸಂಗ್ರಹ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಶುರು ಮಾಡಿದರು. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ ಎಲ್ಲ ಇದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಬೇಡ. ಅನೇಕ ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಸೈಟಿನಲ್ಲಿ ಭಾಷೆಯ ಪಟ್ಟಿ ತೆರೆದು ಕನ್ನಡ ಆರಿಸಿದರೆ ಕಾಣುತ್ತವೆ.

ನಮ್ಮಂಥ ಶಾಲೆಗಳಿಗೆ ಇದರ ದೊಡ್ಡ ಅನುಕೂಲ ಡೌನ್‌ಲೋಡ್. ಪ್ರತಿ ಸಿಮ್ಯುಲೇಶನ್ ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಆಗಿ ಇಳಿಯುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಯಾವ ಲ್ಯಾಪ್‌ಟಾಪ್‌ನಲ್ಲಾದರೂ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ನೆಟ್ ಬೇಡ, ಏನನ್ನೂ ಇನ್‌ಸ್ಟಾಲ್ ಮಾಡುವುದೂ ಬೇಡ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಇದನ್ನು ಬಳಸುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನಿಜವಾದ ಸಾಮಾನು. ಎರಡು ಟಾರ್ಚ್ ಸೆಲ್, ಎರಡು ಟಾರ್ಚ್ ಬಲ್ಬ್, ತುಂಡು ವೈರು. ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಜೋಡಿಸಿ. ಎರಡೂ ಉರಿಯುತ್ತವೆ, ಆದರೆ ಅಂಗಡಿಯ ಬಲ್ಬುಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಸಾಮಾನ್ಯವಾಗಿ ಒಂದು ಸ್ವಲ್ಪ ಜಾಸ್ತಿ ಬೆಳಗುತ್ತದೆ. ತಕ್ಷಣ ಮಕ್ಕಳು, "ನೋಡಿ ಮಿಸ್, ಮುಂದಿನ ಬಲ್ಬ್ ಕರೆಂಟ್ ಎಳ್ಕೊಂಡುಬಿಡ್ತು, ಹಿಂದಿನದಕ್ಕೆ ಕಮ್ಮಿ ಸಿಕ್ತು" ಅನ್ನುತ್ತಾರೆ. ಅವರ ತಪ್ಪು ತಿಳಿವಳಿಕೆಗೆ ನಿಜವಾದ ಪ್ರಯೋಗವೇ ಸಾಕ್ಷಿ ಹೇಳಿದಂತೆ ಆಗುತ್ತದೆ! ಆಗ ಎರಡೂ ಬಲ್ಬುಗಳ ಜಾಗ ಅದಲುಬದಲು ಮಾಡಿಸಿ. ಜಾಸ್ತಿ ಬೆಳಗುತ್ತಿದ್ದ ಬಲ್ಬು ಹಿಂದೆ ಹೋದರೂ ಜಾಸ್ತಿಯೇ ಬೆಳಗುತ್ತದೆ. ಆಗ ತರಗತಿ ಗುಜುಗುಜು ಅನ್ನಲು ಶುರುವಾಗುತ್ತದೆ. ಪ್ರೊಜೆಕ್ಟರ್ ಹಾಕಲು ಅದೇ ಸರಿಯಾದ ಸಮಯ.

ಫೆಟ್‌ನಲ್ಲಿ ನೇರ ವಿದ್ಯುತ್ ಮಂಡಲ ಕಟ್ಟುವ ಸಿಮ್ಯುಲೇಶನ್ ತೆರೆಯಿರಿ. ಅಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್. ಒಂದು ಬಲ್ಬು, ಒಂದು ಸ್ವಿಚ್ ಜೋಡಿಸಿ, ಸ್ವಿಚ್ ಹಾಕಬೇಡಿ. ಈಗ ಪ್ರಶ್ನೆ ಕೇಳಿ: ಬಲ್ಬಿಗೆ ಹೋಗುವ ಮುಂಚಿನ ತಂತಿಯಲ್ಲಿ ಕರೆಂಟ್ ಜಾಸ್ತಿಯೋ, ಬಲ್ಬು ದಾಟಿದ ಮೇಲೆ ಜಾಸ್ತಿಯೋ, ಎರಡೂ ಕಡೆ ಒಂದೇನೋ? ಎಲ್ಲರೂ ನೋಟ್‌ಬುಕ್‌ನಲ್ಲಿ ಉತ್ತರ ಬರೆದು, ಪಕ್ಕದವರಿಗೆ ಕಾರಣ ಹೇಳಬೇಕು. ಇದಕ್ಕೆ ಪೂರ್ತಿ ಮೂರು ನಿಮಿಷ ಬಿಡಿ. ಅವಸರ ಮಾಡಬೇಡಿ. ತಾನು ಬರೆದದ್ದು ಸರಿಯೋ ತಪ್ಪೋ ಅಂತ ಕಾಯುತ್ತಿರುವ ಮಗು ಪರದೆಯನ್ನು ನೋಡುವ ರೀತಿಯೇ ಬೇರೆ.

ಆಮೇಲೆ ಸ್ವಿಚ್ ಹಾಕಿ. ನೀಲಿ ಚುಕ್ಕೆಗಳಾಗಿ ಎಲೆಕ್ಟ್ರಾನುಗಳು ಇಡೀ ಮಂಡಲದಲ್ಲಿ ಒಟ್ಟಿಗೇ ಚಲಿಸಲು ಶುರುವಾಗುತ್ತವೆ. ಬ್ಯಾಟರಿಯಿಂದ ಹೊರಟು ಒಂದೊಂದಾಗಿ ಬಲ್ಬಿಗೆ ತಲುಪುವುದಲ್ಲ, ಎಲ್ಲ ಕಡೆ ಒಮ್ಮೆಗೇ. ಕರೆಂಟ್ ಅಳೆಯುವ ಆಮ್ಮೀಟರ್ ತಂದು ಬಲ್ಬಿನ ಮುಂಚೆ ಅಳೆಯಿರಿ, ದಾಟಿದ ಮೇಲೂ ಅಳೆಯಿರಿ. ಎರಡೂ ಕಡೆ 0.9 ಆಂಪಿಯರ್. ಸರಣಿಯಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ ಎಲ್ಲ ಕಡೆ 0.45. ಸಮಾಂತರದಲ್ಲಿ, ಅಂದರೆ ಪ್ರತಿ ಬಲ್ಬನ್ನೂ ಬ್ಯಾಟರಿಗೆ ಬೇರೆಬೇರೆಯಾಗಿ ಜೋಡಿಸಿದರೆ ಒಂದೊಂದು ಬಲ್ಬಿಗೂ 0.9, ಬ್ಯಾಟರಿಯ ಹತ್ತಿರ 1.8. ಈ ಮೂರೂ ಸಂಖ್ಯೆಗಳನ್ನು ಅಳೆಯುವ ಮುಂಚೆ ಓಮ್‌ನ ನಿಯಮ (ವೋಲ್ಟನ್ನು ರೋಧದಿಂದ ಭಾಗಿಸಿದರೆ ಕರೆಂಟ್) ಹಾಕಿ ಲೆಕ್ಕ ಮಾಡಲು ಹೇಳಿ. ತಾವು ಮಾಡಿದ ಲೆಕ್ಕ ಆಮ್ಮೀಟರ್‌ನಲ್ಲಿ ಕಂಡಾಗ ಮಕ್ಕಳಿಗೆ ಆಗುವ ಸಂತೋಷ ನೋಡಬೇಕು.

ಮೌಸ್ ನನ್ನ ಕೈಯಲ್ಲಿ ಇರುವುದಿಲ್ಲ. ಒಂದು ಮಗುವನ್ನು ಕರೆದು ಕೂರಿಸುತ್ತೇನೆ. ನಿಯಮ ಏನೆಂದರೆ, ಮೌಸ್ ಹಿಡಿದವರು ಸ್ವಂತ ಏನೂ ಮಾಡುವ ಹಾಗಿಲ್ಲ, ಬೆಂಚಿನಿಂದ ಬಂದ ಸೂಚನೆಯಂತೆ ಮಾತ್ರ ಮಾಡಬೇಕು. "ಆ ವೈರ್ ತಗೊಂಡು ಅಲ್ಲಿಗೆ ಹಾಕು" ಅಂದರೆ ನಡೆಯಲ್ಲ. "ಬ್ಯಾಟರಿಯ ಧನ ತುದಿಯಿಂದ ಸ್ವಿಚ್‌ಗೆ ತಂತಿ ಎಳೆ" ಅನ್ನಬೇಕು. ಹೀಗೆ ಒಂದು ಪಿರಿಯಡ್‌ನಲ್ಲಿ ಧನಾಗ್ರ, ಋಣಾಗ್ರ, ಸರಣಿ, ಸಮಾಂತರ ಎಲ್ಲ ಮಕ್ಕಳ ಬಾಯಲ್ಲಿ ತಾನಾಗೇ ಓಡಾಡುತ್ತವೆ. ಯಾವಾಗಲೂ ಕೈ ಎತ್ತುವವರನ್ನು ಬಿಟ್ಟು, ಸುಮ್ಮನೆ ಕೂರುವ ಮಕ್ಕಳನ್ನು ಮೌಸ್‌ಗೆ ಕರೆಯಿರಿ. ಅಲ್ಲಿ ಉತ್ತರ ಹೇಳುವ ಭಯ ಇಲ್ಲ ಅಲ್ವಾ, ಧೈರ್ಯವಾಗಿ ಬರುತ್ತಾರೆ.

ಬ್ಯಾಟರಿಯ ಎರಡೂ ತುದಿಯನ್ನು ನೇರ ತಂತಿಯಿಂದ ಸೇರಿಸಿದರೆ ಪರದೆಯಲ್ಲಿ ಬೆಂಕಿ ಹತ್ತಿಕೊಳ್ಳುತ್ತದೆ. ಯಾವುದಾದರೂ ಮಗು ಅದನ್ನು ಮಾಡಿಸಿಯೇ ತೀರುತ್ತದೆ. ಮಾಡಿಸಲಿ. ಹ್ರಸ್ವ ಮಂಡಲ (ಶಾರ್ಟ್ ಸರ್ಕ್ಯೂಟ್), ಫ್ಯೂಸ್ ಬಗ್ಗೆ ಹೇಳಲು ಅದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ. ಆದರೆ ಮನೆಯ ಪ್ಲಗ್ಗಿನಲ್ಲಿ ಇದನ್ನು ಯಾವತ್ತೂ ಮಾಡಬಾರದು ಅಂತ ಅಲ್ಲೇ, ಆಗಲೇ ಗಟ್ಟಿಯಾಗಿ ಹೇಳಿ.

ಒಂದು ಎಚ್ಚರಿಕೆ. ಫೆಟ್‌ನ ಆ ಬಲ್ಬಿನ ರೋಧ ಬದಲಾಗುವುದಿಲ್ಲ. ನಿಜವಾದ ಬಲ್ಬಿನ ತಂತು ಬಿಸಿಯಾದಂತೆ ರೋಧ ಏರುತ್ತದೆ. ಚುರುಕಾದ ಮಗು ನಿಜವಾದ ಬಲ್ಬನ್ನು ಅಳೆದು "ಲೆಕ್ಕ ಕೂಡ್ತಿಲ್ಲ ಮಿಸ್" ಅಂದರೆ ಅದು ಸರಿಯಾದ ಮಾತೇ. ಕಾರಣ ವಿವರಿಸಿ.

ಸಮೀಕರಣ ಸರಿದೂಗಿಸುವುದಕ್ಕೂ ಫೆಟ್‌ನಲ್ಲಿ ಒಂದು ಸಿಮ್ಯುಲೇಶನ್ ಇದೆ. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಮಕ್ಕಳು ನೀರಿನ ಸೂತ್ರದ ಆಕ್ಸಿಜನ್ ಪಕ್ಕ ಕೆಳಗೆ 2 ಬರೆದು "ಸಮ ಆಯ್ತು" ಅನ್ನುತ್ತಾರೆ. ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಸಿಮ್ಯುಲೇಶನ್‌ನಲ್ಲಿ ಅಣುವಿನ ಒಳಗೆ ಕೈ ಹಾಕಲು ಆಗುವುದೇ ಇಲ್ಲ, ಅಣುಗಳ ಸಂಖ್ಯೆ ಮಾತ್ರ ಹೆಚ್ಚಿಸಬಹುದು. ಅರ್ಧ ಪಿರಿಯಡ್ ಸಾಕು. ಉಳಿದರ್ಧದಲ್ಲಿ ನೋಟ್‌ಬುಕ್‌ನಲ್ಲಿ ಅಭ್ಯಾಸ ಮಾಡಿಸಿ.

ಜಿಯೋಜೀಬ್ರಾದಲ್ಲಿ ಥೇಲ್ಸ್ ಪ್ರಮೇಯ

ಗಣಿತಕ್ಕೆ ನನ್ನ ಆಯ್ಕೆ, ಚಿತ್ರ ಎಳೆದು ಅಳೆಯಬಹುದಾದ ಜಿಯೋಜೀಬ್ರಾ ತಂತ್ರಾಂಶ. ಲ್ಯಾಪ್‌ಟಾಪ್‌ಗೆ ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆ ನಡೆಯುತ್ತದೆ, ಆಂಡ್ರಾಯ್ಡ್ ಆ್ಯಪ್ ಕೂಡ ಇದೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದೇ ಥೇಲ್ಸ್ ಪ್ರಮೇಯ. ಎಬಿಸಿ ತ್ರಿಭುಜ ಎಳೆಯಿರಿ. ಎಬಿ ಬಾಹುವಿನ ಮೇಲೆ ಡಿ ಬಿಂದು ಇಡಿ. ಡಿ ಮೂಲಕ ಬಿಸಿಗೆ ಸಮಾಂತರ ರೇಖೆ ಎಳೆದು, ಅದು ಎಸಿಯನ್ನು ಸೇರುವ ಜಾಗವನ್ನು ಇ ಅಂತ ಗುರುತಿಸಿ. ಉದ್ದ ಅಳೆಯುವ ಟೂಲ್‌ನಿಂದ ಎಡಿ, ಡಿಬಿ, ಎಇ, ಇಸಿ ನಾಲ್ಕೂ ಉದ್ದಗಳನ್ನು ಪರದೆಯ ಮೇಲೆ ತೋರಿಸಿ.

ಅನುಪಾತವನ್ನು ಕಂಪ್ಯೂಟರ್‌ನಿಂದ ಮಾಡಿಸಬೇಡಿ, ಅದು ಮಕ್ಕಳ ಕೆಲಸ. ಡಿ ಬಿಂದುವನ್ನು ಒಂದು ಜಾಗಕ್ಕೆ ಎಳೆದು ನಿಲ್ಲಿಸಿ, ಅರ್ಧ ತರಗತಿ ಎಡಿ/ಡಿಬಿ, ಇನ್ನರ್ಧ ಎಇ/ಇಸಿ ಲೆಕ್ಕ ಮಾಡಲಿ. ಎರಡೂ ಕಡೆಯಿಂದ ಒಂದೇ ಉತ್ತರ ಬರುತ್ತದೆ. ಕೊನೆಯ ದಶಮಾಂಶದಲ್ಲಿ ಚೂರು ವ್ಯತ್ಯಾಸ ಬಂದರೆ, ಪರದೆ ಎರಡೇ ದಶಮಾಂಶ ತೋರಿಸುತ್ತಿದೆ ಅಂತ ಹೇಳಿ. ಆಮೇಲೆ ಎ ಶೃಂಗವನ್ನು ಹಿಡಿದು ತ್ರಿಭುಜವನ್ನು ಮಲಗಿಸಿ, ತಲೆಕೆಳಗು ಮಾಡಿ, ಸಪೂರ ಮಾಡಿ. ಮತ್ತೆ ಲೆಕ್ಕ. ಪಠ್ಯಪುಸ್ತಕದ ಚಿತ್ರ ಮಾತ್ರ ಗೊತ್ತಿದ್ದ ಮಕ್ಕಳಿಗೆ ಇಷ್ಟು ಮಾಡಿದ ಮೇಲೆ ಯಾವ ಭಂಗಿಯ ತ್ರಿಭುಜ ಕೊಟ್ಟರೂ ಗಾಬರಿ ಇಲ್ಲ. ಪ್ರಮೇಯದ ಸಾಧನೆ (ಪ್ರೂಫ್) ಬರೆಸುವುದು ಮಾತ್ರ ಮಾರನೇ ದಿನ, ಬೋರ್ಡಿನ ಮೇಲೆ.

ಪ್ಲಿಕರ್ಸ್: ಮಕ್ಕಳ ಕೈಯಲ್ಲಿ ಫೋನ್ ಇಲ್ಲದೆ ಕ್ವಿಜ್

ಆನ್‌ಲೈನ್ ಕ್ವಿಜ್ ಸಾಧನಗಳಲ್ಲಿ ಹೆಚ್ಚಿನವಕ್ಕೆ ಪ್ರತಿ ಮಗುವಿನ ಕೈಯಲ್ಲೂ ಒಂದು ಫೋನ್ ಬೇಕು. ಪ್ಲಿಕರ್ಸ್‌ಗೆ ಬೇಡ. ಮಕ್ಕಳ ಕೈಯಲ್ಲಿ ಇರುವುದು ಕಾಗದದ ಕಾರ್ಡ್, ಫೋನ್ ಶಿಕ್ಷಕರ ಕೈಯಲ್ಲಿ ಮಾತ್ರ.

ಕಾರ್ಡುಗಳನ್ನು ಅವರ ಸೈಟಿನಿಂದ ಇಳಿಸಿಕೊಂಡು ಪ್ರಿಂಟ್ ಹಾಕಿಸಿ. ಸಾಮಾನ್ಯ ಸೆಟ್‌ನಲ್ಲಿ 40 ಕಾರ್ಡ್ ಇರುತ್ತವೆ. ಪ್ರತಿ ಕಾರ್ಡಿನ ಮೇಲೆ ಬೇರೆಬೇರೆ ಆಕಾರದ ಕಪ್ಪು ಗುರುತು, ಒಂದು ನಂಬರ್, ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡ್ ಹಿಡಿಯುತ್ತದೆ. ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನವಾಗಿ ಹಾಯಿಸಿದರೆ ಯಾವ ನಂಬರಿನವರು ಏನು ಉತ್ತರ ಕೊಟ್ಟರು ಅಂತ ಬಂದುಬಿಡುತ್ತದೆ. ಅಕ್ಷರಗಳು ಚಿಕ್ಕದಾಗಿ ಇರುವುದರಿಂದ, ಕಾರ್ಡುಗಳೂ ಬೇರೆಬೇರೆ ಇರುವುದರಿಂದ, ಪಕ್ಕದವರದನ್ನು ನೋಡಿ ಬರೆಯುವುದು ಸುಲಭವಲ್ಲ.

ಕಾರ್ಡ್ ಗಟ್ಟಿ ಬರಲಿ ಅಂತ ಮಿರುಗುವ ಲ್ಯಾಮಿನೇಶನ್ ಮಾಡಿಸಬೇಡಿ. ಬೆಳಕು ಹೊಳೆದು ಕ್ಯಾಮೆರಾಗೆ ಗುರುತು ಕಾಣಲ್ಲ. ದಪ್ಪ ಡ್ರಾಯಿಂಗ್ ಶೀಟಿಗೆ ಅಂಟಿಸಿದರೆ ಸಾಕು. ಕಪ್ಪು ಭಾಗದ ಮೇಲೆ ಬೆರಳು ಬರಬಾರದು, ಅಂಚಿನಲ್ಲಿ ಹಿಡಿಯಬೇಕು ಅಂತ ಮೊದಲೇ ಅಭ್ಯಾಸ ಮಾಡಿಸಿ.

ನಾನು ಪಾಠದ ಮಧ್ಯೆ ಕೇಳುವುದು ಒಂದೋ ಎರಡೋ ಪ್ರಶ್ನೆ. ಪ್ರಶ್ನೆ ಮಾಡುವಾಗ ತಪ್ಪು ಆಯ್ಕೆಗಳನ್ನು ಆ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಿಂದ ತೆಗೆಯುತ್ತೇನೆ. ಅಂದರೆ ಮಕ್ಕಳು ನಿಜವಾಗಿ ಮಾಡುವ ತಪ್ಪೇ ಆಯ್ಕೆಯಾಗಿ ಬರಬೇಕು. ಉತ್ತರಗಳು ಎರಡು ಕಡೆ ಹಂಚಿಹೋದರೆ ಸರಿಯಾದದ್ದು ಯಾವುದು ಅಂತ ಹೇಳದೆ, ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು, ಮತ್ತೊಮ್ಮೆ ಕಾರ್ಡ್ ಎತ್ತಿಸಿ. ಇದಕ್ಕೆ ನೆಟ್ ಬೇಕು. ಆ ದಿನ ಸಿಗ್ನಲ್ ಇಲ್ಲದಿದ್ದರೆ ಅದೇ ಕಾರ್ಡನ್ನು ಎತ್ತಿಸಿ ಕಣ್ಣಲ್ಲೇ ಎಣಿಸುತ್ತೇನೆ. ಪಾಠ ನಿಲ್ಲಲ್ಲ.

ಗೂಗಲ್ ಫಾರ್ಮ್ ಮತ್ತು ನುಡಿಯ ತೊಂದರೆ

ಮನೆಗೆ ಅಭ್ಯಾಸದ ಪ್ರಶ್ನೆ ಕಳಿಸಲು ಗೂಗಲ್ ಫಾರ್ಮ್ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆಯ್ಕೆ ಆನ್ ಮಾಡಿ, ಸರಿ ಉತ್ತರ ಗುರುತಿಸಿ, ತಪ್ಪು ಉತ್ತರ ಕೊಟ್ಟವರಿಗೆ ಕಾಣುವಂತೆ ಪ್ರತಿ ಪ್ರಶ್ನೆಗೂ ಒಂದು ಸಾಲಿನ ವಿವರಣೆ ಬರೆಯಿರಿ. ಇಮೇಲ್ ಕೇಳುವ ಆಯ್ಕೆ ಆಫ್ ಇರಲಿ.

ನಮ್ಮಲ್ಲಿ ಹೆಚ್ಚಿನವರ ಹಳೇ ಪ್ರಶ್ನೆಪತ್ರಿಕೆಗಳು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಅಲ್ಲಿಂದ ಕಾಪಿ ಮಾಡಿ ಫಾರ್ಮ್‌ಗೆ ಹಾಕಿದರೆ ಕನ್ನಡ ಹೋಗಿ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಹಳೇ ನುಡಿ ಫಾಂಟ್ ಆಸ್ಕಿ ಅನ್ನುವ ಹಳೇ ಪದ್ಧತಿಯದು, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಅಲ್ಲ, ಅದಕ್ಕೆ ಹಾಗಾಗುವುದು. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಆನ್‌ಲೈನ್‌ನಲ್ಲೇ ಇವೆ, ಅದರಲ್ಲಿ ಹಾಕಿ ತೆಗೆಯಿರಿ. ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು. ಹೊಸದಾಗಿ ಟೈಪ್ ಮಾಡುವುದನ್ನು ಮೊದಲಿಂದಲೇ ಯೂನಿಕೋಡ್‌ನಲ್ಲಿ ಮಾಡಿ. ಫೋನಿನಲ್ಲಾದರೆ ಜಿಬೋರ್ಡ್‌ನ ಕನ್ನಡ ಕೀಬೋರ್ಡ್ ಸಾಕು.

ಫಾರ್ಮ್‌ನ ಅಂಕವನ್ನು ಯಾವತ್ತೂ ಎಫ್‌ಎಗೆ ಸೇರಿಸಬೇಡಿ ಅಂತ ನನ್ನ ಕಳಕಳಿಯ ಮಾತು. ಅನೇಕ ಮನೆಗಳಲ್ಲಿ ಇರುವ ಒಂದೇ ಫೋನ್ ಅಪ್ಪನ ಜೇಬಿನಲ್ಲಿರುತ್ತದೆ. ಅವರು ಕೆಲಸದಿಂದ ಬರುವುದು ರಾತ್ರಿ. ಕೆಲವು ಮನೆಗಳಲ್ಲಿ ಅದೂ ಇಲ್ಲ. ಫಾರ್ಮ್ ಕಳಿಸಿದರೆ ಅದೇ ಪ್ರಶ್ನೆಗಳ ಒಂದು ಪ್ರಿಂಟ್ ತರಗತಿಯ ಗೋಡೆಗೂ ಹಾಕಿ. ಫೋನ್ ಇಲ್ಲದ ಮಗು ಅಲ್ಲಿಂದ ಬರೆದುಕೊಳ್ಳಲಿ. ಎರಡು ದಿನ ಸಮಯ ಕೊಡಿ.

ದೀಕ್ಷಾ

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳು ಕರೆದೊಯ್ಯುವುದು 2017ರಲ್ಲಿ ಶುರುವಾದ, ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾಗೆ. ಪಾಠಕ್ಕೆ ನೇರ ಹೊಂದುವುದೇ ಅದರ ಬಲ. ಆ್ಯಪ್‌ನಲ್ಲಿ ವಿಡಿಯೊ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಎಲ್ಲ ವಿಡಿಯೊಗಳೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಪೂರ್ತಿ ನೋಡಿಯೇ ಆರಿಸಿ. ತರಗತಿಯಲ್ಲಿ ಎರಡು, ಮೂರು ನಿಮಿಷದ ತುಣುಕು ಮಾತ್ರ ಹಾಕಿ, ನಿಲ್ಲಿಸಿ, "ಮುಂದೇನಾಗುತ್ತೆ?" ಅಂತ ಕೇಳಿ.

ಮಕ್ಕಳ ವಿವರ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳು ಅಂತಲೇ ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾನೂನು ಇರಲಿ ಬಿಡಲಿ, ಅವರು ನಮ್ಮನ್ನು ನಂಬಿ ಬಂದ ಮಕ್ಕಳು. ಪ್ಲಿಕರ್ಸ್‌ನಲ್ಲಿ ನಾನು ಹೆಸರು ಹಾಕುವುದಿಲ್ಲ, ಬರೀ ಕಾರ್ಡ್ ನಂಬರ್. ಯಾವ ನಂಬರ್ ಯಾರದು ಅನ್ನುವ ಪಟ್ಟಿ ನನ್ನ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿದೆ. ಯಾರು ತಪ್ಪು ಹೇಳಿದರು ಅನ್ನುವುದನ್ನು ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ತೋರಿಸುವುದೂ ಇಲ್ಲ. ಡಿಜಿಟಲ್ ತರಗತಿಯ ಫೋಟೊ ಕಳಿಸಿ ಅಂತ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ ಪರದೆಯ ಫೋಟೊ ಕಳಿಸುತ್ತೇನೆ, ಮಕ್ಕಳ ಮುಖದ್ದಲ್ಲ.

ಆ ದಿನದ ತಯಾರಿ

ಹಳೇ ಪ್ರೊಜೆಕ್ಟರ್‌ಗೆ ವಿಜಿಎ ಕೇಬಲ್, ಹೊಸ ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ಮಾತ್ರ ಇರುತ್ತದೆ. ಎರಡನ್ನೂ ಸೇರಿಸುವ ಅಡಾಪ್ಟರ್ ಒಂದನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ವಿಜಿಎಯಲ್ಲಿ ಶಬ್ದ ಹೋಗುವುದಿಲ್ಲ, ಸಣ್ಣ ಸ್ಪೀಕರ್ ಬೇರೆ ಬೇಕು. ಲ್ಯಾಪ್‌ಟಾಪ್ ಹಿಂದಿನ ರಾತ್ರಿಯೇ ಚಾರ್ಜ್ ಆಗಿರಲಿ. ಪಿರಿಯಡ್ ಶುರುವಾಗುವ ಮುಂಚೆ ವಾಟ್ಸ್ಆ್ಯಪ್ ವೆಬ್ ಮುಚ್ಚಿ. ನಿಮ್ಮ ಮನೆಯ ಮೆಸೇಜ್ ಗೋಡೆಯ ಮೇಲೆ ಬರುವುದು ಬೇಡ. ಕರೆಂಟ್ ಹೋದರೆ ಲ್ಯಾಪ್‌ಟಾಪನ್ನೇ ಮಧ್ಯದ ಬೆಂಚಿಗೆ ತಂದು, ಮಕ್ಕಳನ್ನು ಗುಂಪುಗುಂಪಾಗಿ ಕರೆದು ತೋರಿಸಬಹುದು. ಉಳಿದವರಿಗೆ ಅಷ್ಟು ಹೊತ್ತಿಗೆ ಲೆಕ್ಕದ ಹಾಳೆ ಸಿದ್ಧ ಇರಬೇಕು.

ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳಿಗೆ ಸಾಧನದ ಹೆಸರು ಇಡಬೇಡಿ, ತರಗತಿ ಮತ್ತು ಪಾಠದ ಹೆಸರು ಇಡಿ. ಪ್ರತಿ ಫೋಲ್ಡರ್‌ನಲ್ಲೂ ಸಿಮ್ಯುಲೇಶನ್ ಫೈಲಿನ ಜೊತೆ, ಕೇಳಬೇಕಾದ ಪ್ರಶ್ನೆಗಳನ್ನು ಒಂದು ಪುಟದಲ್ಲಿ ಬರೆದು ಹಾಕಿ. ನಿಮಗೆ ವರ್ಗಾವಣೆಯಾದರೆ ಮುಂದೆ ಬರುವ ಶಿಕ್ಷಕರಿಗೆ ಅದು ನೇರ ಕೆಲಸಕ್ಕೆ ಬರುತ್ತದೆ. ಒಂದು ಪ್ರತಿಯನ್ನು ಶಾಲೆಯ ಲ್ಯಾಪ್‌ಟಾಪ್‌ನಲ್ಲೂ ಇಟ್ಟು, ಎಲ್ಲಿದೆ ಅಂತ ಮುಖ್ಯಶಿಕ್ಷಕರಿಗೆ ತಿಳಿಸಿ. ಫೈಲ್ ಡಬಲ್ ಕ್ಲಿಕ್ ಮಾಡಿದಾಗ ಬರೀ ಬಿಳಿ ಪುಟ ಬಂದರೆ, ಆ ಲ್ಯಾಪ್‌ಟಾಪ್‌ನ ಬ್ರೌಸರ್ ತೀರಾ ಹಳೇದಾಗಿರಬಹುದು. ಒಮ್ಮೆ ಹಾಟ್‌ಸ್ಪಾಟ್ ಕೊಟ್ಟು ಅಪ್‌ಡೇಟ್ ಮಾಡಿ, ಮತ್ತೆ ತೆರೆದು ನೋಡಿ.